ಒಂದು ತೆಗ್ಗು, ಮೂರು ಪೈಪು: ಎರಿ ಸೀಮೆಯ ನಳ ಮತ್ತು ಪ್ಲಂಬರನ ಚರಿತ್ರೆ

ನವಲಗುಂದ ಕಡೆಯ ಯಾವ ಊರಿನಲ್ಲಾದರೂ ನಳದ ನೀರು ನಿಂತರೆ ಓಣಿಯವರು ಮೊದಲು ಫೋನು ಹಚ್ಚುವುದು ಪ್ಲಂಬರ್‌ಗೆ. ‘ಅಣ್ಣಾ, ನಳಕ್ಕ ನೀರ ಬರವಲ್ದು, ಒಂದೀಟ ಬಂದ ನೋಡ್ರಿ.’ ಅಣ್ಣ ಬೈಕಿನ ಮೇಲೆ ಬರುತ್ತಾನೆ. ಹಿಂದೆ ಕಟ್ಟಿದ ಚೀಲದಲ್ಲಿ ಹ್ಯಾಕ್ಸಾ ಬ್ಲೇಡು, ಪೈಪ್ ಪಾನಾ, ಸಾಲ್ವೆಂಟ್ ಡಬ್ಬಿ, ಟೆಫ್ಲಾನ್ ಟೇಪು, ನಾಕಾರು ಎಲ್ಬೋ, ಟೀ, ಸಾಕೆಟ್ಟು ಇರುತ್ತವೆ. ಹಾರಿ, ಸಲಿಕೆ ಮನೆಯವರೇ ಕೊಡಬೇಕು.

ಅಗೆಯುತ್ತ ಹೋದರೆ ಮೊದಲು ಸಿಗುವುದು ಇತ್ತೀಚೆಗೆ ಹೂಳಿದ ಕಪ್ಪು ಎಚ್‌ಡಿಪಿಇ ಪೈಪು. ಅದರ ಕೆಳಗೆ ಬೂದು ಬಣ್ಣದ ಪಿವಿಸಿ. ಇನ್ನೂ ಕೆಳಗೆ ಹಾರಿ ‘ಟಣ್’ ಎಂದರೆ ಅದು ಜಂಗು ತಿಂದ ಕಬ್ಬಿಣದ ಜಿಐ ಪೈಪು. ಮೂರರಲ್ಲಿ ಯಾವುದರಲ್ಲಿ ಈಗ ನೀರು ಹರಿಯುತ್ತದೆ, ಯಾವುದು ಸತ್ತಿದೆ, ಯಾವುದು ಮುಂದಿನ ಓಣಿಯಲ್ಲಿ ಮತ್ತೊಂದಕ್ಕೆ ಕೂಡಿಕೊಂಡಿದೆ ಎಂಬುದನ್ನು ತೋರಿಸುವ ನಕ್ಷೆ ಹೆಚ್ಚಿನ ಊರುಗಳಲ್ಲಿ ಯಾರ ಕೈಯಲ್ಲೂ ಇರುವುದಿಲ್ಲ. ಇದ್ದರೆ ಅದು ಪ್ಲಂಬರನ ತಲೆಯಲ್ಲಿದೆ, ಇಲ್ಲವೇ ಪಂಚಾಯ್ತಿಯ ವಾಟರ್‌ಮನ್ ತಲೆಯಲ್ಲಿದೆ.

ಆ ಮೂರು ಪೈಪು ಮೂರು ಕಾಲದವು. ಒಂದೊಂದು ಕಾಲದ ಸರ್ಕಾರವೂ ಒಂದೊಂದು ಯೋಜನೆ ತಂದಿತು, ಪೈಪು ಹೂಳಿತು, ಮುಂದೆ ಹೋಯಿತು. ಹೂಳಿದ್ದನ್ನು ನೋಡಿಕೊಳ್ಳುವ ಮನುಷ್ಯನ ಬಗ್ಗೆ ಯಾವ ಕಾಲದಲ್ಲೂ ಗಟ್ಟಿಯಾಗಿ ಯೋಚಿಸಲಿಲ್ಲ. ನಮ್ಮ ಹಳ್ಳಿಯ ಪ್ಲಂಬರ್ ದಿನಾ ಪಡುವ ಪಾಡಿನ ಬೇರು ಅಲ್ಲಿದೆ. ಅದನ್ನು ತಿಳಿಯಬೇಕೆಂದರೆ ಈ ಸೀಮೆಗೆ ನೀರು ಹೇಗೆ ಬಂತೆಂಬುದನ್ನು ಕೆರೆಯ ಕಾಲದಿಂದಲೇ ನೋಡಬೇಕು.

ಸಿಹಿನೀರು, ಸವಳು ನೀರು

ಧಾರವಾಡ ಜಿಲ್ಲೆಯ ಹಳ್ಳಿಗಾಡು ಒಂದೇ ತರಹದ್ದಲ್ಲ. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಕೆಂಪು ಮಣ್ಣು, ಹೆಚ್ಚು ಮಳೆ, ಭತ್ತದ ಗದ್ದೆ, ಊರೂರಿಗೆ ಕೆರೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ದಕ್ಷಿಣಕ್ಕೆ ಕುಂದಗೋಳ ಎರಿ ಭೂಮಿ. 2018ರಲ್ಲಿ ಹೊಸ ತಾಲ್ಲೂಕಾಗುವವರೆಗೆ ಅಣ್ಣಿಗೇರಿಯೂ ನವಲಗುಂದ ತಾಲ್ಲೂಕಿನಲ್ಲೇ ಇತ್ತು. ಹತ್ತಿ, ಕಡಲೆ, ಜೋಳ, ಮೆಣಸಿನಕಾಯಿಗೆ ಹೆಸರಾದ ಈ ನೆಲದಲ್ಲಿ ಬೆಳೆ ಬರುತ್ತದೆ, ಕುಡಿಯುವ ನೀರು ಬರುವುದು ಕಷ್ಟ. ಬಾವಿ ತೋಡಿದರೆ ಬಹಳ ಕಡೆ ಸಿಗುವುದು ಸವಳು ನೀರು. ಅದರಲ್ಲಿ ಬ್ಯಾಳಿ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಹಾಗಾಗಿ ಈ ಕಡೆ ‘ನೀರು’ ಎಂದಷ್ಟೇ ಹೇಳಿದರೆ ಸಾಲದು, ಸಿಹಿನೀರೋ ಸವಳು ನೀರೋ ಹೇಳಬೇಕು. ಕುಡಿಯಲಿಕ್ಕೆ ಕೆರೆಯದು, ಬಳಸಲಿಕ್ಕೆ ಬಾವಿಯದು ಎಂಬ ವಿಂಗಡಣೆ ಮನೆಮನೆಯಲ್ಲೂ ಇತ್ತು. ಒಂದು ಹರವಿ ಒಳಗೆ, ಒಂದು ಹಂಡೆ ಹೊರಗೆ.

ಮಳೆ ನೀರು ಹಿಡಿದಿಟ್ಟ ಕೆರೆಯೇ ಊರಿನ ಜೀವ. ನವಲಗುಂದ ಪಟ್ಟಣಕ್ಕೆ ನೀಲಮ್ಮನ ಕೆರೆ ಇದ್ದ ಹಾಗೆ ಒಂದೊಂದು ಊರಿಗೂ ಒಂದು ಸಿಹಿನೀರ ಕೆರೆ. ಅದರಲ್ಲಿ ದನ ಇಳಿಸಬಾರದು, ಬಟ್ಟೆ ಒಗೆಯಬಾರದು ಎಂಬ ಕಟ್ಟಳೆಗಳೂ ಇದ್ದವು.

ಪೈಪಿನಲ್ಲಿ ನೀರು ಹರಿಸುವ ವಿದ್ಯೆ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. ವಿಜಯಪುರದ ಆದಿಲಶಾಹಿಗಳು ತೊರವಿಯಿಂದಲೂ 17ನೇ ಶತಮಾನದ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದಿದ್ದರು. ಕೊಳವೆಯ ಒತ್ತಡ ತಗ್ಗಿಸಲು ನಡುನಡುವೆ ಕಟ್ಟಿದ ಗಂಜ್ ಎಂಬ ಗೋಪುರಗಳು ಇವತ್ತಿಗೂ ನಿಂತಿವೆ. ಬೀದರಿನಲ್ಲಿ ನೆಲದಡಿಯ ಸುರಂಗ ಕಾಲುವೆ ಇತ್ತು. ಆದರೆ ಅವೆಲ್ಲ ರಾಜಧಾನಿಯ ಕೋಟೆ, ಅರಮನೆ, ಪೇಟೆಗಳಿಗೆ. ಹಳ್ಳಿಯ ಪಾಲಿಗೆ ಪೈಪು ಎಂದರೆ ಹೆಂಗಸರ ತಲೆ ಮತ್ತು ಸೊಂಟ.

ಕೆರೆ ಎಲ್ಲರದಾಗಿತ್ತು ಎಂದರೂ ತಪ್ಪಾಗುತ್ತದೆ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿತ್ತು. ಸರ್ಕಾರದ ದುಡ್ಡಿನಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಬಳಸಬಹುದು ಎಂಬ ಬೋಲೆ ಅವರ ಠರಾವು 1923ರ ಆಗಸ್ಟ್‌ನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಪಾಸಾಯಿತು. ಠರಾವು ಕಾಗದದಲ್ಲೇ ಉಳಿದದ್ದಕ್ಕೆ 1927ರ ಮಾರ್ಚ್‌ನಲ್ಲಿ ಡಾ. ಅಂಬೇಡ್ಕರ್ ಮಹಾಡದ ಚವದಾರ ಕೆರೆಗೆ ಮೆರವಣಿಗೆ ಹೋಗಿ ನೀರು ಕುಡಿಯಬೇಕಾಯಿತು. ಮಹಾಡವೂ ಧಾರವಾಡವೂ ಆಗ ಒಂದೇ ಪ್ರಾಂತ್ಯ. ಮುಂದೆ ನಳ ಬಂದಾಗ ಅದಕ್ಕೆ ಇದ್ದ ದೊಡ್ಡ ಬೆಲೆ ಇದೇ. ಕೆರೆಯ ಮೆಟ್ಟಿಲ ಮೇಲೆ ಯಾರು ಮೊದಲು, ಯಾರು ದೂರ ನಿಲ್ಲಬೇಕು ಎಂಬ ಜಗಳವನ್ನು ಮನೆ ಬಾಗಿಲಿನ ನಳ ಕೇಳುವುದಿಲ್ಲ. ಕೇಳಬಾರದು.

ಇನ್ನೊಂದು ಕಾರಣ ರೋಗ. ಮೆಟ್ಟಿಲು ಬಾವಿ, ಕೆರೆಗಳ ನೀರಿನಿಂದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಹಬ್ಬುತ್ತಿತ್ತು. ಹುಣ್ಣಾದ ಕಾಲು ನೀರಿಗಿಳಿದರೆ ಹುಳು ಮರಿಗಳನ್ನು ಬಿಡುತ್ತದೆ, ನೀರಿನ ಸಣ್ಣ ಜೀವಿಗಳು ಅವನ್ನು ತಿನ್ನುತ್ತವೆ, ಆ ನೀರು ಕುಡಿದವರ ಕಾಲಲ್ಲಿ ವರ್ಷದ ನಂತರ ನಾರಿನಂಥ ಹುಳು ಹೊರಬರುತ್ತದೆ. ಔಷಧಿ ಇರಲಿಲ್ಲ. ನೀರು ಸೋಸಿ ಕುಡಿಯುವುದು, ಕಾಲು ನೀರಿಗೆ ತಾಗದಂತೆ ಮಾಡುವುದು ಇವೆರಡೇ ದಾರಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಗೆಲುವಿನಲ್ಲಿ ಆರೋಗ್ಯ ಕಾರ್ಯಕರ್ತರ ಜತೆ ಬೋರು ಕೊರೆದವರ, ಪಂಪು ಜೋಡಿಸಿದವರ ಪಾಲೂ ಇದೆ.

ಬೋರಿಂಗ್ ಬಂದ ಕಾಲ

ನಮ್ಮ ಕಡೆಯ ಹಿರಿಯರು ಇವತ್ತಿಗೂ ಕೈಪಂಪಿಗೆ ‘ಬೋರಿಂಗ್’ ಎನ್ನುತ್ತಾರೆ. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರು ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದರು.

ಬೋರಿನ ಮೇಲೆ ಕೂರಿಸುತ್ತಿದ್ದ ಪಂಪಿನ ಹುಟ್ಟು ನಮ್ಮ ನೆರೆಯಲ್ಲೇ ಆಗಿದೆ. ಮೊದಲು ಬಂದ ಎರಕದ ಕಬ್ಬಿಣದ ಪಂಪುಗಳು ಪಾಶ್ಚಾತ್ಯ ದೇಶಗಳಲ್ಲಿ ಒಂದು ಮನೆಯ ಬಳಕೆಗೆಂದು ಮಾಡಿದಂಥವು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆದರೆ ತಿಂಗಳೊಪ್ಪತ್ತಿನಲ್ಲಿ ಕೈಕೊಡುತ್ತಿದ್ದವು. ಸೊಲ್ಲಾಪುರದಲ್ಲಿ ತಾನೇ ಕಲಿತ ಒಬ್ಬ ಮೆಕ್ಯಾನಿಕ್ ಉಕ್ಕಿನಿಂದ ಗಟ್ಟಿಯಾದ ಪಂಪು ಮಾಡಿದ. ಆ ಸೊಲ್ಲಾಪುರ ಪಂಪಿನ ಆಧಾರದ ಮೇಲೆ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ‘ಇಂಡಿಯಾ ಮಾರ್ಕ್ 2’ ರೂಪುಗೊಂಡಿತು. ಮುಂದೆ ಅದು ಆಫ್ರಿಕಾದ ದೇಶಗಳಿಗೂ ಹೋಯಿತು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಕೈಯೊಂದು ಕೋಟಿಗಟ್ಟಲೆ ಜನರ ನೀರಿನ ಹಾದಿ ತೆರೆಯಿತು. ನಮ್ಮ ಹಳ್ಳಿಯ ಫಿಟ್ಟರನನ್ನು ‘ಓದಿಲ್ಲ’ ಎಂದು ತಳ್ಳುವ ಮುಂಚೆ ಇದನ್ನು ನೆನೆಯಬೇಕು.

ಹಳ್ಳಿಗಳಲ್ಲಿ ಪಾನಾ ಹಿಡಿದ ಮೊದಲ ತಲೆಮಾರು ತಯಾರಾದದ್ದೂ ಆಗಲೇ. ಕೈಪಂಪಿನ ಪೈಪು ಎತ್ತಿ ವಾಷರು ಬದಲಿಸುವುದು, ಹೊಲದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಗಿಯುವುದು ಕಲಿತ ಹುಡುಗರೇ ಮುಂದೆ ಊರಿನ ಪ್ಲಂಬರುಗಳಾದರು. ಸರ್ಟಿಫಿಕೇಟು ಇಲ್ಲ, ಗುರು ಇದ್ದ. ಗುರುವಿನ ಚೀಲ ಹೊತ್ತು ಎರಡು ಮೂರು ವರ್ಷ ತಿರುಗಿದರೆ ವಿದ್ಯೆ ಬರುತ್ತಿತ್ತು.

ಆದರೆ ಎರಿ ಸೀಮೆಯಲ್ಲಿ ಬೋರಿಂಗ್ ಪೂರ್ತಿ ಉತ್ತರವಾಗಲಿಲ್ಲ. ಆಳದಲ್ಲೂ ಬಹಳ ಕಡೆ ಸವಳು. ಕೈಪಂಪು ಬಳಸುವ ನೀರಿಗಾಯಿತು, ಕುಡಿಯುವ ನೀರಿಗೆ ಮತ್ತೆ ಕೆರೆ.

ಕಾಲುವೆ ನೀರು ಕೆರೆಗೆ

ಆ ಕೆರೆಗೆ ಹೊಸ ಜೀವ ಕೊಟ್ಟದ್ದು ಮಲಪ್ರಭೆ. ಸವದತ್ತಿಯ ನವಿಲುತೀರ್ಥದ ಹತ್ತಿರ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಮುಗಿದು ರೇಣುಕಾಸಾಗರ ತುಂಬಿತು. ಅದರ ಸಾಮರ್ಥ್ಯ 37.73 ಟಿಎಂಸಿ. ಕಾಲುವೆಗಳು ನವಲಗುಂದ, ನರಗುಂದದ ಎರಿ ಹೊಲಗಳವರೆಗೆ ಬಂದವು. ಕಾಲುವೆ ಬಂದರೂ ನೀರು ಬಾರದ ಹೊಲಗಳಿಗೂ ಅಭಿವೃದ್ಧಿ ಕರ ಹಾಕಿದ್ದಕ್ಕೆ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆ ದಿನವನ್ನು ಈಗಲೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಆ ಬಂಡಾಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಅದನ್ನು ಮತ್ತೆ ಹೇಳುವುದಿಲ್ಲ.

ನಮ್ಮ ವಿಷಯಕ್ಕೆ ಬೇಕಾದ ಮಾತು ಇಷ್ಟು. ಹೊಲಕ್ಕೆಂದು ಬಂದ ಕಾಲುವೆ ಬರುಬರುತ್ತಾ ಕುಡಿಯುವ ನೀರಿನ ಕಾಲುವೆಯೂ ಆಯಿತು. ವರ್ಷಕ್ಕೆ ಕೆಲವು ಸಲ ಕಾಲುವೆಗೆ ನೀರು ಬಿಟ್ಟಾಗ ಊರಿನ ಕೆರೆ ತುಂಬಿಸಿಕೊಳ್ಳಬೇಕು, ಮುಂದಿನ ಬಿಡುಗಡೆವರೆಗೆ ಅದರಲ್ಲೇ ಬಾಳಬೇಕು. ಅಣೆಕಟ್ಟಿನಲ್ಲಿ ನೀರು ಕಡಿಮೆಯಾದರೆ ಓಣಿಯ ನಳಕ್ಕೆ ಬರುವ ದಿನಗಳ ನಡುವಿನ ಅಂತರ ಹೆಚ್ಚುತ್ತದೆ. ಮಹದಾಯಿಯಿಂದ ಮಲಪ್ರಭೆಗೆ ನೀರು ತಿರುಗಿಸುವ ಕಳಸಾ–ಬಂಡೂರಿ ಹೋರಾಟ ನವಲಗುಂದದ ಬೀದಿಗಳಲ್ಲಿ ವರ್ಷಗಟ್ಟಲೆ ನಡೆದದ್ದು ಇದೇ ಕಾರಣಕ್ಕೆ. 2018ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ, ಬಂಡೂರಿಗೆ ಸೇರಿ ಸಿಕ್ಕದ್ದು 3.9 ಟಿಎಂಸಿ. ರಾಜಧಾನಿಗಳಲ್ಲಿ ನಡೆಯುವ ಈ ಲೆಕ್ಕದ ಕೊನೆಯ ತುದಿ ಪ್ಲಂಬರನ ಕೈಯಲ್ಲಿದೆ. ನಳ ಒಣಗಿದಾಗ ಜನ ಬೈಯುವುದು ನ್ಯಾಯಾಧಿಕರಣವನ್ನಲ್ಲ, ‘ನೀ ಹಚ್ಚಿದ್ ನಳ ಸರಿ ಇಲ್ಲಪಾ’ ಅಂತ ಅವನನ್ನು.

ಕಲಘಟಗಿಯ ಕತೆ ಇದಕ್ಕೆ ತಿರುಗಾಮುರುಗಾ. ಅಲ್ಲಿ ನೀರಿತ್ತು. ಬೇಡ್ತಿ ಹಳ್ಳಕ್ಕೆ 1950ರ ದಶಕದಲ್ಲಿ ಕಟ್ಟಿದ ನೀರಸಾಗರ ಕಲಘಟಗಿ ತಾಲ್ಲೂಕಿನಲ್ಲಿದೆ, ಆದರೆ ಕಟ್ಟಿದ್ದು ಹುಬ್ಬಳ್ಳಿಗೆ ನೀರು ಕೊಡಲಿಕ್ಕೆ. ದೊಡ್ಡ ಪೈಪು ಹೊಲದ ಬದುವಿನಲ್ಲಿ ಹಾದು ಪಟ್ಟಣಕ್ಕೆ ಹೋಗುತ್ತದೆ, ಹಳ್ಳಿ ತನ್ನ ಕೆರೆ, ಬೋರು ನೋಡಿಕೊಳ್ಳುತ್ತದೆ. ಪೈಪು ಯಾವಾಗಲೂ ದುಡ್ಡಿರುವ ಕಡೆಗೆ ಮೊದಲು ಹರಿಯುತ್ತದೆ ಎಂಬುದು ವಿಜಯಪುರದ ಕಾಲದಿಂದ ಬದಲಾಗಿಲ್ಲ.

ಕೂಟದ ನಳದಿಂದ ಮನೆಯ ನಳಕ್ಕೆ

ಹಳ್ಳಿಗೆ ಮೊದಲು ಬಂದ ನಳಗಳು ಓಣಿಯ ಕೂಟದಲ್ಲಿದ್ದವು. ಬೋರಿಗೆ ಮೋಟರು ಕೂರಿಸಿ, ಒಂದು ಸಣ್ಣ ತೊಟ್ಟಿ ಕಟ್ಟಿ, ಸುತ್ತ ನಾಲ್ಕು ತೋಟಿ ಹಚ್ಚಿದರೆ ಅದು ಕಿರು ನೀರು ಸರಬರಾಜು. ನಂತರ ಎತ್ತರದ ಟಾಕಿ, ಅಲ್ಲಿಂದ ಓಣಿಗಳಿಗೆ ಲೈನು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಇದನ್ನು ನಡೆಸುವ ಹೊಣೆ ಗ್ರಾಮ ಪಂಚಾಯ್ತಿಗಳ ಹೆಗಲೇರಿತು. 2000ದ ನಂತರ ವಿಶ್ವಬ್ಯಾಂಕ್ ಸಾಲದ ‘ಜಲ ನಿರ್ಮಲ’ ಯೋಜನೆ ಧಾರವಾಡವೂ ಸೇರಿ ಉತ್ತರ ಕರ್ನಾಟಕದ 11 ಜಿಲ್ಲೆಗಳಿಗೆ ಬಂತು. ಊರವರೇ ಸಮಿತಿ ಮಾಡಿ, ವಂತಿಗೆ ಹಾಕಿ, ಯೋಜನೆ ನಡೆಸಬೇಕೆಂಬುದು ಅದರ ಕ್ರಮ. ನಮ್ಮ ತೆಗ್ಗಿನ ನಡುವಿನ ಬೂದು ಪಿವಿಸಿ ಸಾಮಾನ್ಯವಾಗಿ ಈ ಕಾಲದ್ದು.

ಕಬ್ಬಿಣದಿಂದ ಪ್ಲಾಸ್ಟಿಕ್ಕಿಗೆ ಬಂದದ್ದು ಪ್ಲಂಬರನ ಕಸುಬನ್ನೇ ಬದಲಿಸಿತು. ಪ್ಲಂಬರ್ ಎಂಬ ಪದದ ಬೇರು ಲ್ಯಾಟಿನ್ನಿನ ‘ಪ್ಲಂಬಂ’, ಅಂದರೆ ಸೀಸ. ರೋಮನ್ನರು ಸೀಸದ ಕೊಳವೆ ಬಳಸುತ್ತಿದ್ದರು, ಸೀಸ ಕಾಯಿಸಿ ಬೆಸೆಯುವವನು ಪ್ಲಂಬರ್. ನಮ್ಮಲ್ಲಿ ಜಿಐ ಕಾಲದಲ್ಲಿ ಪೈಪಿಗೆ ಡೈ ಹಾಕಿ ಥ್ರೆಡ್ಡು ಕೊರೆಯಬೇಕಿತ್ತು, ಸಣಬಿಗೆ ಸಫೇದ ಬಳಿದು ಸುತ್ತಬೇಕಿತ್ತು, ಇಬ್ಬರು ಆಳು ಪಾನಾ ಹಾಕಿ ತಿರುವಬೇಕಿತ್ತು. ರಟ್ಟೆ ಬೇಕು, ಅಭ್ಯಾಸ ಬೇಕು. ಪಿವಿಸಿ ಬಂದ ಮೇಲೆ ಒಂದು ಬ್ಲೇಡು, ಒಂದು ಡಬ್ಬಿ ಸಾಲ್ವೆಂಟ್ ಸಾಕು. ಕೆಲಸ ಹಗುರಾಯಿತು, ಅದರ ಜತೆಗೆ ‘ಇದರಾಗೇನೈತಿ, ನಾವ ಹಚ್ಗೋತೀವಿ’ ಎನ್ನುವವರೂ ಹೆಚ್ಚಿದರು. ಮನೆಯವರೇ ಹಚ್ಚಿದ ಜೋಡಣೆ ಬಿಟ್ಟುಹೋದಾಗ ಕರೆಯುವುದು ಮಾತ್ರ ಪ್ಲಂಬರನನ್ನು. ಹೊಸ ಕೆಲಸದ ಕೂಲಿ ತಪ್ಪಿತು, ಹಾಳಾದದ್ದನ್ನು ಬಿಚ್ಚುವ ತಾಪತ್ರಯ ಉಳಿಯಿತು.

ಮಣ್ಣಿನ ಜತೆ ಜಗಳ

ಎರಿಮಣ್ಣಿನಲ್ಲಿ ಪೈಪು ಹೂಳಿದವನಿಗೆ ನೆಮ್ಮದಿ ಇಲ್ಲ. ಈ ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ನಡುವೆ ಸಿಕ್ಕ ಪೈಪು ವರ್ಷಕ್ಕೊಮ್ಮೆ ಮೇಲೆ ಕೆಳಗೆ ಜಗ್ಗಾಡುತ್ತದೆ. ಜೋಡಣೆ ಸಡಿಲಾಗುತ್ತದೆ, ಸಾಕೆಟ್ಟಿನ ಬಾಯಿ ಸೀಳುತ್ತದೆ. ಪೈಪಿನ ಕೆಳಗೂ ಮೇಲೂ ಉಸುಕು ತುಂಬಿ ಹಾಸಿಗೆ ಮಾಡಿದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಹಳೇ ಪ್ಲಂಬರುಗಳಿಗೆ ಇದು ಗೊತ್ತು. ಆದರೆ ಉಸುಕಿಗೆ ದುಡ್ಡು ಬೇಕು, ಆಳದ ತೆಗ್ಗಿಗೆ ಕೂಲಿ ಬೇಕು. ಮನೆಯವರು ಉಳಿಸುವುದೂ ಗುತ್ತಿಗೆದಾರ ಉಳಿಸುವುದೂ ಇವೆರಡನ್ನೇ. ಮಳೆಗಾಲದಲ್ಲಿ ಅದೇ ತೆಗ್ಗಿಗೆ ಇಳಿದರೆ ಮಣ್ಣು ಕಾಲನ್ನು ಬಿಡುವುದಿಲ್ಲ, ಸಲಿಕೆಯನ್ನೂ ಬಿಡುವುದಿಲ್ಲ. ಬೆಣ್ಣಿಹಳ್ಳ, ತುಪರಿಹಳ್ಳ ಉಕ್ಕಿದರೆ ಹಳ್ಳ ದಾಟಿಸಿದ ಲೈನೇ ಕೊಚ್ಚಿಹೋಗುವ ಭಯ. 2019ರ ಆಗಸ್ಟ್ ನೆರೆಯನ್ನು ಈ ಕಡೆಯವರು ಮರೆತಿಲ್ಲ.

ನೀರೂ ಸುಮ್ಮನಿಲ್ಲ. ಬೋರಿನ ಗಡಸು ನೀರು ಪೈಪಿನ ಒಳಮೈಗೆ ಸುಣ್ಣ ಕಟ್ಟುತ್ತದೆ. ಅರ್ಧ ಇಂಚಿನ ಜಿಐ ಪೈಪು ಕೆಲವು ವರ್ಷಕ್ಕೆ ಪೆನ್ಸಿಲಿನಷ್ಟೂ ದಾರಿ ಬಿಡುವುದಿಲ್ಲ. ಗೀಸರಿನ ಕಾಯಿಲ್ ಮೇಲೆ ಬಿಳಿ ತೊಗಟೆ, ಶವರಿನ ತೂತು ಬಂದ್, ಕಾಕು ತಿರುವಿದರೆ ಕೈಗೇ ಬರುತ್ತದೆ. ‘ಹೋದ ವರ್ಷ ಹಚ್ಚಿದ್ದು, ಮಾಲು ಡೂಪ್ಲಿಕೇಟ್ ತಂದಿ’ ಎಂಬ ಮಾತು ಕೇಳಬೇಕು. ತಪ್ಪು ನೀರಿನದು ಎಂದರೆ ನಂಬುವವರು ಕಡಿಮೆ.

ಮನೆಗಳೂ ಹಾಗೇ. ನವಲಗುಂದ, ಅಣ್ಣಿಗೇರಿ ಕಡೆ ಇನ್ನೂ ಬೇಕಾದಷ್ಟು ಮಣ್ಣಿನ ಮಾಳಿಗೆ ಮನೆಗಳಿವೆ. ಬೇಸಿಗೆಗೆ ತಂಪು, ಆದರೆ 1000 ಲೀಟರ್ ಸಿಂಟೆಕ್ಸ್ ತುಂಬಿದರೆ ಒಂದು ಟನ್ ಭಾರ. ಮಣ್ಣು ಹಾಸಿದ ಮಾಳಿಗೆಗೆ ಅದನ್ನು ಏರಿಸುವ ಧೈರ್ಯ ಯಾರಿಗೂ ಇಲ್ಲ. ಹಿತ್ತಲಲ್ಲಿ ಐದು ಅಡಿ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಬೇಕು. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಸಿಗುತ್ತದೆ. ಒಂದೂವರೆ ಮೀಟರ್ ಕಟ್ಟೆಯಿಂದ ಸಿಗುವುದು ಅದರ ಏಳರಲ್ಲಿ ಒಂದು ಪಾಲಿನಷ್ಟು. ಮಗಳ ಮದುವೆಗೆ ಮುಂಚೆ ಹೊಸ ಬಚ್ಚಲು ಕಟ್ಟಿಸಿ, ಹುಬ್ಬಳ್ಳಿಯಿಂದ ಶವರ್ ತಂದು, ‘ಲಾಡ್ಜಿನಾಗ ಬರೋಹಂಗ ಬರಬೇಕು’ ಎನ್ನುವ ಮಾವನಿಗೆ ಈ ಗಣಿತ ಹೇಳುವುದು ಪೈಪು ಹಚ್ಚುವುದಕ್ಕಿಂತ ಕಷ್ಟ.

ನೀರು ಬರುವ ದಿನ

ವಾರಕ್ಕೊಮ್ಮೆ, ಕೆಲವು ಕಡೆ ಅದಕ್ಕೂ ತಡವಾಗಿ ನೀರು ಬಿಡುವ ಊರಿನಲ್ಲಿ ಪ್ಲಂಬರನ ಪಂಚಾಂಗವೇ ಬೇರೆ. ನೀರಿಲ್ಲದ ದಿನ ಸೋರಿಕೆ ಕಾಣುವುದಿಲ್ಲ, ಹಾಗಾಗಿ ಯಾರೂ ಕರೆಯುವುದಿಲ್ಲ. ನೀರು ಬಂದ ಎರಡು ತಾಸಿನಲ್ಲಿ ಹತ್ತು ಮನೆಯಿಂದ ಫೋನು. ಅದು ರಾತ್ರಿ ಎರಡಕ್ಕೂ ಇರಬಹುದು. ಒಂದು ಮನೆಯಲ್ಲಿ ಜೋಡಣೆ ಒಣಗುವಷ್ಟರಲ್ಲಿ ನೀರು ನಿಂತಿರುತ್ತದೆ. ಕೆಲಸ ಸರಿ ಆಗಿದೆಯೋ ಇಲ್ಲವೋ ನೋಡಲು ಮುಂದಿನ ವಾರದವರೆಗೆ ಕಾಯಬೇಕು, ಅಲ್ಲಿವರೆಗೆ ಕೂಲಿಯೂ ಬಾಕಿ.

ನೀರು ಕಡಿಮೆಯಾದಷ್ಟೂ ಪ್ಲಂಬರನ ಮುಂದೆ ಧರ್ಮಸಂಕಟ ಹೆಚ್ಚು. ಒತ್ತಡ ಸಾಲದೆ ಮನೆ ಮುಂದೆ ಮೂರಡಿ ತೆಗ್ಗು ತೋಡಿ ನಳವನ್ನು ಅದರೊಳಗೆ ಇಳಿಸಿಕೊಳ್ಳುತ್ತಾರೆ. ತೆಗ್ಗಿನಲ್ಲಿ ಗಟಾರದ ನೀರು ನಿಂತು, ಲೈನು ಖಾಲಿಯಾದಾಗ ಅದೇ ನೀರನ್ನು ಪೈಪು ಒಳಗೆಳೆದುಕೊಳ್ಳುತ್ತದೆ. ಮುಂದಿನ ಸಲ ಮೊದಲ ಕೊಡ ಹೊಲಸು ವಾಸನೆ ಹೊಡೆಯುವುದು ಇದರಿಂದ. ಇನ್ನು ಕೆಲವರು ಲೈನಿಗೇ ಮೋಟರು ಹಚ್ಚಿ ಎಳೆಯುತ್ತಾರೆ. ಅದು ನಿಯಮಕ್ಕೆ ವಿರುದ್ಧ, ಓಣಿಯ ಕೊನೆಯ ಮನೆಯ ಬಾಯಿಗೆ ಮಣ್ಣು. ಆದರೆ ಹಚ್ಚುವುದಿಲ್ಲ ಎಂದರೆ ಆ ಮನೆಯ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ, ಹಚ್ಚಿದರೆ ಕೊನೆಯ ಮನೆಯವರು ಬಂದು ಜಗಳಾಡುತ್ತಾರೆ. ಲೈನಿನ ಕೊನೆಯಲ್ಲಿ ಇರುವವರು ಬಹಳ ಊರುಗಳಲ್ಲಿ ಕೇರಿಯವರೇ ಅಥವಾ ಹೊಸ ಪ್ಲಾಟಿನ ಬಡವರೇ. 1923ರ ಠರಾವಿನ ಪ್ರಶ್ನೆ ನೂರು ವರ್ಷ ಕಳೆದರೂ ಪೈಪಿನ ತುದಿಯಲ್ಲಿ ಹಾಗೇ ಇದೆ, ಅದಕ್ಕೆ ದಿನಾ ಉತ್ತರ ಕೊಡಬೇಕಾದವನು ಒಬ್ಬ ಕೂಲಿ ಪ್ಲಂಬರ್.

ನೀರಿನ ಮೇಲಿನ ನಂಬಿಕೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ನವಲಗುಂದ ತಾಲ್ಲೂಕಿನ ಮೊರಬ ಸಾಕ್ಷಿ. 2018ರ ನವೆಂಬರ್ ಕೊನೆಗೆ ಅಲ್ಲಿನ 36 ಎಕರೆ ಕುಡಿಯುವ ನೀರಿನ ಕೆರೆಯಲ್ಲಿ ಒಬ್ಬ ಮಹಿಳೆಯ ಶವ ಸಿಕ್ಕಿತು. ಆಕೆಗೆ ಎಚ್‌ಐವಿ ಇತ್ತೆಂಬ ಮಾತು ಹಬ್ಬಿತು. ನೀರಿನಿಂದ ಆ ಸೋಂಕು ಹರಡುವುದಿಲ್ಲ, ಪರೀಕ್ಷಿಸಿ ಶುದ್ಧಮಾಡಿ ಕೊಡುತ್ತೇವೆ ಎಂದು ಅಧಿಕಾರಿಗಳು ಹೇಳಿದರೂ ಊರು ಒಪ್ಪಲಿಲ್ಲ. ಸೈಫನ್ ಪೈಪು, ಮೋಟರು ಹಚ್ಚಿ ಇಡೀ ಕೆರೆ ಖಾಲಿ ಮಾಡಿ ಮಲಪ್ರಭಾ ಕಾಲುವೆಯಿಂದ ಮತ್ತೆ ತುಂಬಿಸಬೇಕಾಯಿತು. ಸತ್ತ ಆ ಹೆಣ್ಣುಮಗಳ ಕಷ್ಟಕ್ಕಿಂತ ಆಕೆಯ ರೋಗವೇ ಸುದ್ದಿಯಾದದ್ದು ನಾಚಿಕೆಯ ಸಂಗತಿ. ಅದರ ಜತೆ ಇದನ್ನೂ ಗಮನಿಸಬೇಕು: ಬೇರೆ ಸಿಹಿನೀರಿನ ಆಸರೆ ಇಲ್ಲದ ಊರು ತನ್ನ ಒಂದೇ ಕೆರೆಯ ವಿಷಯದಲ್ಲಿ ಎಷ್ಟು ಬೆದರಿರುತ್ತದೆ ಎಂಬುದು.

ಮನೆಮನೆಗೆ ಗಂಗೆ, ರಿಪೇರಿಗೆ ಯಾರು?

2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಜಲ ಜೀವನ ಮಿಷನ್ ಘೋಷಿಸಿತು. ಕರ್ನಾಟಕದಲ್ಲಿ ಇದು ‘ಮನೆಮನೆಗೆ ಗಂಗೆ’. ಪ್ರತಿ ಗ್ರಾಮೀಣ ಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಗುರಿ. 2024ಕ್ಕೆ ಮುಗಿಯಬೇಕಿದ್ದ ಮಿಷನ್ನಿನ ಗಡುವು ಈಗ 2028ಕ್ಕೆ ಹೋಗಿದೆ. 2023ರ ಮಾರ್ಚ್ 12ರಂದು ಧಾರವಾಡಕ್ಕೆ ಬಂದಿದ್ದ ಪ್ರಧಾನಿ 1,040 ಕೋಟಿ ರೂಪಾಯಿ ದಾಟಿದ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಊರೊಳಗಿನ ರಸ್ತೆಗಳು ಅಗೆದವು, ಕಪ್ಪು ಪೈಪು ಬಂತು, ಮನೆ ಮುಂದೆ ಕಾಂಕ್ರೀಟಿನ ಗಿಡ್ಡ ಕಂಬಕ್ಕೆ ಒಂದು ನಳ ನಿಂತಿತು.

ಕೆಲಸ ದೊಡ್ಡದು, ಬೇಕಾಗಿದ್ದದ್ದು. ಕೊಡ ಹೊತ್ತ ಹೆಂಗಸರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಐದು ಮಂದಿಯ ಮನೆಗೆ ದಿನಕ್ಕೆ 275 ಲೀಟರ್. ಎಂಟು ದಿನಕ್ಕೊಮ್ಮೆ ಬಿಟ್ಟರೆ ಒಂದೇ ಸಲಕ್ಕೆ 2,200 ಲೀಟರ್ ಹಿಡಿದಿಡಬೇಕು. 15 ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು 147 ಕೊಡ. ಮಾಳಿಗೆ ಮನೆಯಲ್ಲಿ ಅದನ್ನು ಎಲ್ಲಿಡಬೇಕು? ಯೋಜನೆ ನಳದ ತೋಟಿಗೆ ಮುಗಿಯುತ್ತದೆ, ತೋಟಿಯಿಂದ ಒಳಗೆ ಮನೆಯವರ ಖರ್ಚು, ಪ್ಲಂಬರನ ತಲೆನೋವು.

ಪೈಪು ಹಾಕುವ ಗುತ್ತಿಗೆಯಲ್ಲಿ ಊರಿನ ಪ್ಲಂಬರನಿಗೆ ಜಾಗ ಸಿಗುವುದು ವಿರಳ. ಗುತ್ತಿಗೆದಾರನ ಹೊರಗಿನ ತಂಡ ಬರುತ್ತದೆ, ಅಗೆಯುತ್ತದೆ, ಹಳೇ ಲೈನು ಕೊಯ್ದರೆ ಮುಚ್ಚಿ ಹೋಗುತ್ತದೆ. ಹೊಸ ನಳಕ್ಕೆ ನೀರು ಬರುವ ಮುಂಚೆ ಹಳೇ ನಳ ನಿಂತಿತೆಂದರೆ ಮತ್ತೆ ಅದೇ ಫೋನು: ‘ಅಣ್ಣಾ, ಒಂದೀಟ ಬಂದ ನೋಡ್ರಿ.’ ಹಾಕಿದವನಿಗೆ ಬಿಲ್ಲು ಆಗಿರುತ್ತದೆ, ಹುಡುಕುವವನಿಗೆ ತೆಗ್ಗು ಸಿಗುತ್ತದೆ.

ಕಾಗದದ ಮೇಲೂ ಅವನ ಸ್ಥಿತಿ ಹೀಗೇ. ಪ್ಲಂಬರ್ ಕಟ್ಟಡ ಕಾರ್ಮಿಕನೆಂದು ಲೆಕ್ಕ. 1996ರ ಕಾಯ್ದೆಯಂತೆ ಸ್ಥಾಪನೆಯಾದ ಕಲ್ಯಾಣ ಮಂಡಳಿ ಕರ್ನಾಟಕದಲ್ಲಿ ಇದೆ. ಹೆಸರು ನೋಂದಾಯಿಸಿದರೆ ಪಿಂಚಣಿ, ಮಕ್ಕಳ ಓದಿಗೆ ಸಹಾಯ, ಅಪಘಾತ ಪರಿಹಾರ ಉಂಟು. ಅದಕ್ಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಒಂದೇ ಕಟ್ಟಡದಲ್ಲಿ ದುಡಿಯುವ ಗೌಂಡಿಗೆ ಅದು ಸುಲಭ. ಇವತ್ತು ಒಂದು ಮನೆಯ ಕಾಕು, ನಾಳೆ ಒಂದು ಹೊಲದ ಫುಟ್‌ವಾಲ್ವ್, ನಾಡಿದ್ದು ಶಾಲೆಯ ಸಂಡಾಸಿನ ಟಾಕಿ ಎಂದು ತಿರುಗುವವನಿಗೆ ಮಾಲೀಕ ಯಾರು? ದುಡಿದ ದಿನ 90 ದಾಟಿದರೂ ಬರೆದುಕೊಡುವ ಒಂದು ಕೈ ಇಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ಪಟ್ಟಾಮುಂಡೈ ಸೀಮೆಯವರು ತಲೆಮಾರುಗಳಿಂದ ಪ್ಲಂಬಿಂಗ್ ಕಲಿತು ದೇಶದ ದೊಡ್ಡ ನಗರಗಳಲ್ಲೆಲ್ಲ ದುಡಿಯುತ್ತಿದ್ದಾರೆ. ಅಲ್ಲಿನ ಸರ್ಕಾರ ಆ ಊರಲ್ಲೇ ಪ್ಲಂಬಿಂಗ್ ತಂತ್ರಜ್ಞಾನ ಸಂಸ್ಥೆ ತೆರೆಯಿತು. ನಮ್ಮಲ್ಲೂ ಐಟಿಐನಲ್ಲಿ ಒಂದು ವರ್ಷದ ಪ್ಲಂಬರ್ ಕೋರ್ಸ್ ಇದೆ. ಜಲ ಜೀವನ ಮಿಷನ್ನಿನ ಅಡಿ ‘ನಲ್ ಜಲ್ ಮಿತ್ರ’ ಎಂಬ ಹೆಸರಲ್ಲಿ ಊರಿನವರಿಗೇ ಪ್ಲಂಬಿಂಗ್, ಮೋಟರು, ಗೌಂಡಿ ಕೆಲಸ ಕಲಿಸುವ ಕಾರ್ಯಕ್ರಮವೂ ಬಂದಿದೆ. ಹೊಸಬರಿಗೆ ಕಲಿಸುವುದು ಒಳ್ಳೆಯದು. ಆದರೆ ಇಪ್ಪತ್ತು ಮೂವತ್ತು ವರ್ಷ ಇದೇ ತೆಗ್ಗುಗಳಲ್ಲಿ ಕಳೆದವರಿಂದ ಕಲಿಯುವ ಕೆಲಸವೂ ಆಗಬೇಕು.

ಅದಕ್ಕೆ ದೊಡ್ಡ ಬಜೆಟ್ಟು ಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯ್ತಿ ಊರಿನ ಪ್ಲಂಬರ್ ಮತ್ತು ವಾಟರ್‌ಮನ್ ಇಬ್ಬರನ್ನೂ ಕರೆದುಕೊಂಡು ಓಣಿ ಓಣಿ ತಿರುಗಿ, ಯಾವ ಲೈನು ಎಲ್ಲಿ ಹೋಗಿದೆ, ವಾಲ್ವ್ ಎಲ್ಲಿ ಹೂತಿದೆ, ಯಾವುದು ಸತ್ತಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಸಬೇಕು. ಆ ದಿನಗಳಿಗೆ ಕೂಲಿ ಕೊಡಬೇಕು. ಪಂಚಾಯ್ತಿಗೆ, ಮನೆಗಳಿಗೆ ಮಾಡಿದ ರಿಪೇರಿಯನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ 90 ದಿನದ ಲೆಕ್ಕವೂ ಅಲ್ಲೇ ಸಿಗುತ್ತದೆ.

ಈ ಸೀಮೆಯ ನೀರಿನ ಚರಿತ್ರೆ ಬರೆಯುವವರು ಅಣೆಕಟ್ಟು, ಬಂಡಾಯ, ತೀರ್ಪುಗಳನ್ನು ಬರೆದಿದ್ದಾರೆ, ಬರೆಯಲೇಬೇಕು. ಉಳಿದ ಅರ್ಧ ಚರಿತ್ರೆ ಓಣಿಯ ನೆಲದಡಿ ಇದೆ, ಮತ್ತು ಅದು ಗೊತ್ತಿರುವವರಿಗೆ ವಯಸ್ಸಾಗುತ್ತಿದೆ. ಜಿಐ ಪೈಪು ಹೂಳಿದ ತಲೆಮಾರಿನ ಫಿಟ್ಟರುಗಳಿಗೆ ಈಗ ಅರವತ್ತು ದಾಟಿದೆ, ಮಂಡಿ ನೋವಿನಿಂದ ತೆಗ್ಗಿಗಿಳಿಯಲು ಆಗುವುದಿಲ್ಲ. ಅವರು ಕಟ್ಟೆಯ ಮೇಲೆ ಕುಳಿತು ‘ಅಲ್ಲ್ ಅಗೀಬ್ಯಾಡೋ, ಎರಡ ಮಾರು ಆ ಕಡೆ ಐತಿ’ ಎಂದು ಕೈ ತೋರಿಸುವಾಗಲೇ ಯಾರಾದರೂ ಬರೆದಿಟ್ಟುಕೊಳ್ಳಬೇಕು.